ಕಳೆ ಔಷಧಿ ಮೈಗೆ ಹತ್ತುವ ದಾರಿಗಳು

ಕಳೆನಾಶಕದ ಮಾತು ಬಂದ ಕೂಡಲೇ ಜನ ಕೇಳುವುದು "ಹಾಗಾದ್ರೆ ಯಾವ ತರಕಾರಿ ತಿನ್ನಬಾರದು?" ಅಂತ. ತರಕಾರಿಗೆ ಆಮೇಲೆ ಬರೋಣ. ಮೊದಲು ಒಂದು ಸಣ್ಣ ಲೆಕ್ಕ.

ಅಂಗಡಿಯಲ್ಲಿ ಸಿಗುವ ಗ್ಲೈಫೋಸೇಟ್ ಎಂಬ ಕಳೆನಾಶಕ ಹೆಚ್ಚಾಗಿ ಶೇ 41ರದ್ದು. ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನ ಪಂಪಿಗೆ 100 ಮಿ.ಲೀ. ಸುರಿದರೆ, ಪಂಪಿನೊಳಗಿನ ನೀರಿನಲ್ಲಿ ಅದು ಸುಮಾರು ಶೇ 0.25ಕ್ಕೆ ಇಳಿಯುತ್ತದೆ. ಅಂದರೆ ಕ್ಯಾನಿನ ಒಂದು ಹನಿ ಪಂಪಿನ 160 ಹನಿಗೆ ಸಮ. ದಿನವಿಡೀ ಹೊಡೆಯುವಾಗ ಕಾಲಿಗೆ ಸಿಡಿದದ್ದನ್ನು ಲೆಕ್ಕ ಹಾಕುವವರು, ಮುಚ್ಚಳದಲ್ಲಿ ಅಳೆಯುವಾಗ ಬೆರಳಿನ ಮೇಲೆ ಇಳಿದ ಎರಡು ಹನಿಯನ್ನು ಲುಂಗಿಗೆ ಒರೆಸಿಕೊಂಡು ಮರೆತುಬಿಡುತ್ತಾರೆ. ಆ ಲುಂಗಿ ಸಂಜೆಯವರೆಗೂ ತೊಡೆಗೆ ಅಂಟಿಕೊಂಡೇ ಇರುತ್ತದೆ.

ಎಲ್ಲಿ ತಾಗಿತು ಎಂಬುದೂ ಮುಖ್ಯ. ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಮನುಷ್ಯರ ಚರ್ಮದ ಮೇಲೆ ಹಚ್ಚಿ ಅಳೆದ ಪರೀಕ್ಷೆಯೊಂದು 1971ರಲ್ಲಿ ಪ್ರಕಟವಾಗಿತ್ತು. ಮುಂಗೈಗೆ ಹಚ್ಚಿದ್ದರಲ್ಲಿ ಶೇ 8.6ರಷ್ಟು ದೇಹದೊಳಗೆ ಹೋಯಿತು, ಹಣೆಗೆ ಹಚ್ಚಿದ್ದರಲ್ಲಿ ಶೇ 36, ಕಂಕುಳಲ್ಲಿ ಶೇ 64. ವೃಷಣದ ಚರ್ಮದಿಂದ ಹೆಚ್ಚುಕಡಿಮೆ ಪೂರ್ತಿ. ಒದ್ದೆಯಾದ ಲುಂಗಿ, ಒದ್ದೆಯಾದ ಚಡ್ಡಿ ತಕ್ಷಣ ಬದಲಾಯಿಸಿ ಅನ್ನುವುದು ಇದಕ್ಕೇ. ಬೆವರು ಒರೆಸಲು ಹಣೆಗೆ ಹೋಗುವ ಕೈಗೂ ಇದೇ ಮಾತು. ಗ್ಲೈಫೋಸೇಟ್ ಗಾಯವಿಲ್ಲದ ಚರ್ಮದಿಂದ ಒಳಗೆ ಹೋಗುವುದು ಬಹಳ ಕಡಿಮೆ, ನಿಜ. ಆದರೆ ಪಂಪು ಒಂದೇ, ಕೈ ಒಂದೇ. ಇವತ್ತು ಅದು, ನಾಳೆ ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕ, ನಾಡಿದ್ದು ಮೆಣಸಿನ ಗಿಡಕ್ಕೆ ಕೀಟನಾಶಕ. ಕೈಯ ಅಭ್ಯಾಸ ಮಾತ್ರ ಬದಲಾಗುವುದಿಲ್ಲ.

ಹಾಗಾಗಿ ಈ ಬರಹದಲ್ಲಿ ವಿಷಗಳ ಪಟ್ಟಿ ಮಾಡುವುದಿಲ್ಲ. ಎಲ್ಲಿ ಗಟ್ಟಿಯಾಗಿದೆ, ಯಾವ ದಾರಿಯಿಂದ ಒಳಗೆ ಬರುತ್ತದೆ ಎಂಬುದನ್ನೇ ಹಿಡಿದು ತೋಟದಿಂದ ಮನೆಯೊಳಗೆ ಬರೋಣ, ಕೊನೆಗೆ ನೀರು, ಅರಿಶಿನ, ಹೊಗೆಯಲ್ಲಿ ಬರುವ ಬೇರೆ ವಿಷಗಳನ್ನೂ ನೋಡೋಣ.

ಕ್ಯಾನಿನ ಮೇಲೆ ಏನಿದೆ

ಲೇಬಲಿನ ಮೇಲಿರುವ ಬಣ್ಣದ ಗುರುತು ಎಲ್ಲರಿಗೂ ಗೊತ್ತು: ಕೆಂಪು, ಹಳದಿ, ನೀಲಿ, ಹಸಿರು. ಕೆಂಪು ಅತಿ ವಿಷ, ಹಸಿರು ಅತಿ ಕಡಿಮೆ. ಆದರೆ ಈ ಬಣ್ಣ ಹೇಳುವುದು ಒಮ್ಮೆಗೇ ಹೊಟ್ಟೆಗೆ ಹೋದರೆ ಅಥವಾ ಮೈಗೆ ತಾಗಿದರೆ ಎಷ್ಟರಲ್ಲಿ ಪ್ರಾಣಾಪಾಯ ಎಂಬುದನ್ನು ಮಾತ್ರ. ಹತ್ತು ವರ್ಷ ದಿನಾ ಸ್ವಲ್ಪ ಸ್ವಲ್ಪ ಮೈಗೆ ಹತ್ತಿದರೆ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ. "ಹಸಿರು ಗುರುತು ಇದೆ, ಏನಾಗಲ್ಲ ಬಿಡಿ" ಅನ್ನುವ ಅಂಗಡಿಯವರ ಮಾತಿನಲ್ಲಿ ತಪ್ಪಿರುವುದು ಇಲ್ಲೇ.

ಗ್ಲೈಫೋಸೇಟ್ ಮಾರುಕಟ್ಟೆಗೆ ಬಂದದ್ದು 1974ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನು 'ಬಹುಶಃ ಕ್ಯಾನ್ಸರ್ ತರಬಲ್ಲದು' ಎಂಬ 2ಎ ಗುಂಪಿಗೆ ಸೇರಿಸಿತು. ಅಮೆರಿಕ ಮತ್ತು ಯುರೋಪಿನ ನಿಯಂತ್ರಣ ಸಂಸ್ಥೆಗಳು ಅದನ್ನು ಒಪ್ಪಲಿಲ್ಲ. ಈ ಜಗಳ ಮುಗಿಯುವವರೆಗೆ ಕಾಯುವ ಅಗತ್ಯವಿಲ್ಲ, ಮೈಗೆ ಹತ್ತದಂತೆ ನೋಡಿಕೊಳ್ಳಲು ಯಾರ ತೀರ್ಪೂ ಬೇಕಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ ಒಪ್ಪಿಗೆ ಇದ್ದದ್ದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ, ಕೀಟ ನಿಯಂತ್ರಣದ ಪರವಾನಗಿ ಇದ್ದವರು ಮಾತ್ರ ಬಳಸಬೇಕು ಎಂದಿತು. ಅಡಿಕೆ ತೋಟಕ್ಕೆ, ಜೋಳದ ಹೊಲಕ್ಕೆ, ಮನೆಯ ಹಿತ್ತಲಿಗೆ ಹೊಡೆಯುವುದೆಲ್ಲ ಲೇಬಲಿನ ಆಚೆಯ ಬಳಕೆ.

ಪ್ಯಾರಾಕ್ವಾಟ್ ಬೇರೆಯದೇ ಜಾತಿ. ಹೊಡೆದ ಮರುದಿನವೇ ಹುಲ್ಲು ಸುಟ್ಟಂತಾಗುವುದರಿಂದ ಜನಪ್ರಿಯ. ಯುರೋಪ್ 2007ರಲ್ಲಿ ನಿಲ್ಲಿಸಿತು, ಕೇರಳ 2011ರಲ್ಲಿ ನಿಷೇಧಿಸಿತು. ತಿಳಿಯದೆ ಒಂದು ಗುಟುಕು ಕುಡಿದರೂ ಶ್ವಾಸಕೋಶ ದಿನಗಳಲ್ಲಿ ಗಟ್ಟಿಯಾಗುತ್ತ ಹೋಗುತ್ತದೆ, ಪ್ರತ್ಯೌಷಧ ಇಲ್ಲ. ಕೈಯಲ್ಲಿ ಗಾಯ, ಬಿರುಕು ಇದ್ದವರು ನೀರು ಬೆರೆಸದ ಗಟ್ಟಿ ಔಷಧಿ ಮುಟ್ಟಿದರೆ ಅಲ್ಲಿಂದಲೂ ಒಳಗೆ ಹೋಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಮಕ್ಕಳಿರುವ ಮನೆಯ ಅಟ್ಟದಲ್ಲಿ ಈ ಕ್ಯಾನು ಇರಲೇಬಾರದು. ಇದ್ದರೂ ಯಾವ ಕಾರಣಕ್ಕೂ ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ, ಕ್ವಾರ್ಟರ್ ಬಾಟಲಿಗೆ ಬಗ್ಗಿಸಿಡಬಾರದು. ಪಕ್ಕದ ತೋಟದವರಿಗೆ "ಸ್ವಲ್ಪ ಕೊಡಿ" ಎಂದಾಗ ಬಾಟಲಿಯಲ್ಲಿ ಕೊಟ್ಟು ಕಳಿಸುವುದೂ ಬೇಡ.

ಯಾರಾದರೂ ಕುಡಿದಿದ್ದು ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಮೊದಲ ದಿನ ಆರಾಮಾಗಿ ಕಂಡರೂ ಕಾಯಬೇಡಿ. ಕ್ಯಾನಿನ ಲೇಬಲ್ ಸಮೇತ ದೊಡ್ಡ ಆಸ್ಪತ್ರೆಗೆ ಓಡಬೇಕು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ಫೋನಿನಲ್ಲಿ ಉಳಿಸಿಕೊಂಡಿರಿ.

ಹೊಡೆಯಲೇಬೇಕಾದರೆ

ಔಷಧಿ ಹಾಕುವ ಮೊದಲು ಪಂಪಿಗೆ ಬರೀ ನೀರು ತುಂಬಿ ಐದು ನಿಮಿಷ ಹೊಡೆದು ನೋಡಿ. ಸೋರುವ ಜಾಗ ಮೂರೇ: ಮುಚ್ಚಳದ ವಾಷರ್, ಟ್ಯಾಂಕಿನ ಬುಡದಲ್ಲಿ ಪೈಪು ಸೇರುವಲ್ಲಿ, ಕೈ ಹಿಡಿಯ ಟ್ರಿಗರ್. ಮುಚ್ಚಳ ಸೋರಿದರೆ ಬಗ್ಗಿದಾಗಲೆಲ್ಲ ಕುತ್ತಿಗೆಯಿಂದ ಬೆನ್ನಿಗೆ ಇಳಿಯುತ್ತದೆ, ಬೆವರಿನ ಜೊತೆ ಸೇರಿ ಗೊತ್ತೇ ಆಗುವುದಿಲ್ಲ. ವಾಷರಿಗೆ ಕೊಡುವ ಹತ್ತಿಪ್ಪತ್ತು ರೂಪಾಯಿಯಷ್ಟು ಸಾರ್ಥಕವಾದ ಖರ್ಚು ಈ ಇಡೀ ಬರಹದಲ್ಲಿ ಇನ್ನೊಂದಿಲ್ಲ.

ಕೈಗೆ ನೈಟ್ರೈಲ್ ಗ್ಲೌಸ್ ಬೇಕು, ಒಳಗೆ ಬಟ್ಟೆಯ ಪದರ ಇಲ್ಲದ್ದು. ಬಟ್ಟೆಯ ಗ್ಲೌಸ್ ಹಾಕುವುದು ಬರಿಗೈಗಿಂತ ಕೆಟ್ಟದ್ದು: ಹೀರಿಕೊಂಡು ಗಂಟೆಗಟ್ಟಲೆ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಮುಖಕ್ಕೆ ಸುತ್ತುವ ಟವೆಲಿನ ಕತೆಯೂ ಅದೇ. ಕಳೆನಾಶಕದ ಹನಿಗಳು ದಪ್ಪ. ಅಳೆದು ಸುರಿಯುವಾಗ ಮಾಸ್ಕ್‌ಗಿಂತ ಹೆಚ್ಚು ಬೇಕಾದದ್ದು ಕಣ್ಣಿಗೆ ಕನ್ನಡಕ ಅಥವಾ ಮುಖದ ಮುಂದೆ ಇಳಿಬಿಡುವ ಪಾರದರ್ಶಕ ಹಾಳೆ. ಪ್ಯಾಂಟು ಗಂಬೂಟಿನ ಹೊರಗೆ ಇರಲಿ. ಒಳಗೆ ತುರುಕಿದರೆ ಇಳಿದು ಬಂದದ್ದೆಲ್ಲ ಬೂಟಿನೊಳಗೆ ಸೇರಿ ಪಾದ ಅದರಲ್ಲೇ ನೆನೆಯುತ್ತದೆ.

ಕದಡಿದ ನೀರು ಹಾಕಬೇಡಿ. ಗ್ಲೈಫೋಸೇಟ್, ಪ್ಯಾರಾಕ್ವಾಟ್ ಎರಡೂ ಮಣ್ಣಿನ ಕಣಕ್ಕೆ ಅಂಟಿ ಕೆಲಸಕ್ಕೆ ಬಾರದಾಗುತ್ತವೆ. ಹಳ್ಳದ ಕೆಂಪು ನೀರಿನಲ್ಲಿ ಹೊಡೆದವರು ಹುಲ್ಲು ಸಾಯಲಿಲ್ಲ ಎಂದು ಮುಂದಿನ ಸಲ ದುಪ್ಪಟ್ಟು ಹಾಕುವುದು ಹೀಗೆ. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿನ ಸುಣ್ಣದಂಶವೂ ಗ್ಲೈಫೋಸೇಟನ್ನು ಕಟ್ಟಿಹಾಕುತ್ತದೆ. ಅಲ್ಲಿ ಮೊದಲು 16 ಲೀಟರಿಗೆ 200ರಿಂದ 300 ಗ್ರಾಂ ಅಮೋನಿಯಂ ಸಲ್ಫೇಟ್ ಕರಗಿಸಿ, ಆಮೇಲೆ ಔಷಧಿ ಹಾಕಿದರೆ ಲೇಬಲಿನ ಅಳತೆಯೇ ಸಾಕಾಗುತ್ತದೆ. ಔಷಧಿಯ ಪ್ರಮಾಣ ಕಡಿಮೆ ಮಾಡಲು ಇದಕ್ಕಿಂತ ಸುಲಭದ ಉಪಾಯ ನಾನು ಕಂಡಿಲ್ಲ. ಪಂಪಿಗೆ ಅರ್ಧ ನೀರು, ಆಮೇಲೆ ಔಷಧಿ, ಮತ್ತೆ ಉಳಿದ ನೀರು, ಈ ಕ್ರಮ ತಪ್ಪಬಾರದು. ಮೊದಲೇ ಔಷಧಿ ಸುರಿದು ಮೇಲಿಂದ ಕೊಡ ಎತ್ತಿ ಹೊಯ್ದರೆ ಗಟ್ಟಿ ಔಷಧಿಯೇ ಮುಖಕ್ಕೆ ಚಿಮ್ಮುತ್ತದೆ.

ನಾಜಲ್ ಚಪ್ಪಟೆಯಾಗಿ ಹರಡುವುದಾಗಿರಲಿ. ಕೀಟನಾಶಕಕ್ಕೆ ಬಳಸುವ, ಮಂಜಿನಂತೆ ಹನಿ ಬಿಡುವ ಕೋನ್ ನಾಜಲ್ ಕಳೆಗೆ ಬೇಡ. ಆ ಮಂಜು ಪಕ್ಕದವರ ತೋಟಕ್ಕೂ ನಿಮ್ಮ ಮೂಗಿಗೂ ಹೋಗುತ್ತದೆ. ಬ್ಯಾಟರಿ ಪಂಪಿನ ಒತ್ತಡ ಕಡಿಮೆಗೆ ತಿರುಗಿಸಿ. ನಾಜಲ್ ನೆಲದಿಂದ ಒಂದು, ಒಂದೂವರೆ ಅಡಿಗಿಂತ ಎತ್ತರ ಬೇಡ. ಕಟ್ಟಿಕೊಂಡರೆ ಬಾಯಿಟ್ಟು ಊದುವ ಅಭ್ಯಾಸ ಎಷ್ಟೋ ಜನರಿಗಿದೆ, ಔಷಧಿ ನೇರ ತುಟಿಗೆ ಹೋಗುವ ದಾರಿ ಅದು. ತಂತಿ ಹಾಕಿ ಚುಚ್ಚಿದರೆ ತೂತು ದೊಡ್ಡದಾಗಿ ಔಷಧಿ ಹೆಚ್ಚು ಸುರಿಯುತ್ತದೆ. ಹಳೆಯ ಟೂತ್‌ಬ್ರಷ್ ಒಂದನ್ನು ಪಂಪಿಗೇ ಕಟ್ಟಿಡಿ, ಜೊತೆಗೆ ಒಂದು ಹೆಚ್ಚುವರಿ ನಾಜಲ್.

ಗಾಳಿ ಜೋರಿದ್ದಾಗ ಹೊಡೆಯಬಾರದು ಎಂಬುದು ಎಲ್ಲರಿಗೂ ಗೊತ್ತು. ಗಾಳಿಯೇ ಇಲ್ಲದ ಮುಂಜಾವೂ ಒಳ್ಳೆಯದಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಚಳಿಯ ಬೆಳಿಗ್ಗೆ ನೆಲದ ಹತ್ತಿರ ತಂಪು ಗಾಳಿ, ಮೇಲೆ ಬೆಚ್ಚಗಿನದು. ಸಣ್ಣ ಹನಿಗಳು ಮೇಲೆ ಹೋಗಿ ಚದುರದೆ ಹಾಗೇ ತೇಲಿಕೊಂಡು ತಗ್ಗಿನ ಕಡೆ ಹರಿಯುತ್ತವೆ, ತಗ್ಗಿನಲ್ಲೇ ಬಾವಿಯೂ ಮನೆಯೂ ಇರುವುದು. ಪರೀಕ್ಷೆ ಸುಲಭ: ಮನೆಯ ಒಲೆಯ ಹೊಗೆ ನೋಡಿ. ನೇರ ಮೇಲೆ ಹೋಗದೆ ಮಾಡಿನ ಎತ್ತರದಲ್ಲಿ ಚಾಪೆ ಹಾಸಿದಂತೆ ಅಡ್ಡ ಹರಡಿದ್ದರೆ ಪಂಪು ಕೆಳಗಿಡಿ, ಬಿಸಿಲೇರಿ ಎಲೆ ಮೆಲ್ಲಗೆ ಅಲ್ಲಾಡಲು ಶುರುವಾದ ಮೇಲೆ ಹೊರಡಿ. ತೇಲಿ ಬರುವ ಔಷಧಿ ಏನು ಮಾಡುತ್ತದೆ ಎಂಬುದು ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯವರಿಗೆ ಹೇಳಬೇಕಿಲ್ಲ. ಅಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದು ಜನರ ಆರೋಗ್ಯ ಕೆಡಿಸಿದ ಎಂಡೋಸಲ್ಫಾನ್ ಕೀಟನಾಶಕವನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ.

ಮುಗಿದ ಮೇಲೆ ಖಾಲಿ ಕ್ಯಾನಿಗೆ ಕಾಲು ಭಾಗ ನೀರು ಹಾಕಿ ಅರ್ಧ ನಿಮಿಷ ಕುಲುಕಿ ಪಂಪಿಗೇ ಸುರಿಯಿರಿ. ಹೀಗೆ ಮೂರು ಸಲ. ಆಮೇಲೆ ಕ್ಯಾನಿಗೆ ಮೊಳೆಯಿಂದ ತೂತು ಹೊಡೆಯಿರಿ; ತೂತಿಲ್ಲದ ಕ್ಯಾನು ಇವತ್ತಲ್ಲ ನಾಳೆ ಯಾರದೋ ಸೀಮೆಎಣ್ಣೆಗೋ ಮಜ್ಜಿಗೆಗೋ ಆಗಿಬಿಡುತ್ತದೆ. ಪಂಪು ತೊಳೆದ ನೀರು ಹೊಡೆದ ಜಾಗಕ್ಕೇ ಹೋಗಲಿ. ಬಾವಿಕಟ್ಟೆ, ಹಳ್ಳ, ದನದ ಬಾನಿಯ ಹತ್ತಿರ ಪಂಪು ಇಳಿಸುವುದೇ ಬೇಡ.

ಬಟ್ಟೆ ಬಚ್ಚಲಿನ ಹೊರಗೇ ಬಿಚ್ಚಿ ಬೇರೆ ಬಕೆಟ್ಟಿಗೆ ಹಾಕಿ. ಒಮ್ಮೆ ನೀರಲ್ಲಿ ಜಾಲಿಸಿ ಆ ನೀರು ಮಣ್ಣಿಗೆ ಚೆಲ್ಲಿ, ಆಮೇಲೆ ಬಿಸಿನೀರು ಸೋಪಿನಲ್ಲಿ ಎರಡು ಸಲ ಒಗೆದು ಬಿಸಿಲಿಗೆ ಹಾಕಿ. ಮನೆಯ ಹೆಂಗಸರು ಬರಿಗೈಯಲ್ಲಿ ಈ ಬಟ್ಟೆ ಉಜ್ಜುವುದು ಸಾಮಾನ್ಯ. ಅವರು ಪಂಪು ಮುಟ್ಟಿರುವುದಿಲ್ಲ, ಆದರೂ ಅವರ ಕೈಗೂ ಅದು ಹತ್ತುತ್ತದೆ. ಗಟ್ಟಿ ಔಷಧಿಯೇ ಚೆಲ್ಲಿದ ಬಟ್ಟೆಯನ್ನು ಒಗೆಯಲು ಹೋಗಬೇಡಿ, ಎಷ್ಟು ಒಗೆದರೂ ಪೂರ್ತಿ ಹೋಗುವುದಿಲ್ಲ. ಎಸೆದುಬಿಡಿ.

ಹೊಡೆಯದೆ ಇರಬಹುದಾದ ಜಾಗ

ಅಡಿಕೆ, ಕಾಫಿ ತೋಟದವರಿಗೆ ಹುಲ್ಲು ಕೊಚ್ಚುವ ಯಂತ್ರ ಈಗ ಹೊಸತೇನಲ್ಲ. ನೆಲಕ್ಕೆ ಹತ್ತಿ ಕೊಚ್ಚದೆ ಎರಡು ಮೂರು ಇಂಚು ಬಿಟ್ಟರೆ ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಗುವುದಿಲ್ಲ. ಹೂ ಬಿಡುವ ಮೊದಲೇ ಕೊಚ್ಚಬೇಕು, ಬೀಜ ಉದುರಿದ ಮೇಲೆ ಕೊಚ್ಚಿದರೆ ಬಿತ್ತನೆ ಮಾಡಿದ ಹಾಗೆ. ಯಂತ್ರದ ನೈಲಾನ್ ದಾರ ಎಳೆಯ ಕಾಫಿ ಗಿಡದ, ಮೆಣಸಿನ ಬಳ್ಳಿಯ ಬುಡದ ತೊಗಟೆ ಸುಲಿಯುತ್ತದೆ. ಬುಡದ ಸುತ್ತ ಒಂದಡಿ ಕತ್ತಿಯಲ್ಲೇ ಸವರಿ, ಕೊಚ್ಚಿದ ಹುಲ್ಲು ಮತ್ತು ಸೋಗೆ ನಾಲ್ಕು ಇಂಚು ದಪ್ಪಕ್ಕೆ ಹಾಸಿ.

ಪೇಟೆಯಲ್ಲಿ ಅಂಗಳದ ಟೈಲ್ಸ್ ಸಂದಿಯ ಹುಲ್ಲಿಗೆ ಗ್ಲೈಫೋಸೇಟ್ ತರುವವರಿದ್ದಾರೆ. ಕುದಿಯುವ ನೀರು ಸಾಕು: ಬುಡಕ್ಕೇ ನಿಧಾನ ಸುರಿಯಿರಿ, ಎರಡು ವಾರ ಬಿಟ್ಟು ಮತ್ತೊಮ್ಮೆ. ಗರಿಕೆ ಮಾತ್ರ ಬಗ್ಗುವುದಿಲ್ಲ, ಅದನ್ನು ಕಿತ್ತೇ ತೆಗೆಯಬೇಕು. ಉಪ್ಪು ಹಾಕುವ ಸಲಹೆ ಕೇಳಬೇಡಿ, ಮಣ್ಣು ವರ್ಷಗಟ್ಟಲೆ ಹಾಳು. ಅಪಾರ್ಟ್‌ಮೆಂಟಿನಲ್ಲಿ ಮಾಲಿ ಹೊಡೆಯುತ್ತಾರೆಂದರೆ ಯಾವ ದಿನ, ಏನು ಎಂದು ಕೇಳಿ ತಿಳಿದುಕೊಂಡು, ಒಂದು ದಿನ ಮಕ್ಕಳು, ನಾಯಿ ಆ ಕಡೆ ಹೋಗದಂತೆ ನೋಡಿಕೊಳ್ಳಿ. ಪಾದರಕ್ಷೆ ಹೊಸಿಲಿನಾಚೆ ಬಿಡುವ ನಮ್ಮ ರೂಢಿ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಬದುವಿನ ಸೊಪ್ಪು

ಈಗ ತಟ್ಟೆಗೆ ಬರೋಣ. ಮಾರುಕಟ್ಟೆಯ ಎಲೆಕೋಸು, ಟೊಮೆಟೊ ಮೇಲೆ ಇರುವುದು ಹೆಚ್ಚಾಗಿ ಕೀಟನಾಶಕ, ಶಿಲೀಂಧ್ರನಾಶಕ. ಕಳೆನಾಶಕ ಬಿದ್ದರೆ ಆ ಗಿಡವೇ ಉಳಿಯುವುದಿಲ್ಲವಲ್ಲ. ಕಳೆನಾಶಕ ನೇರವಾಗಿ ನಮ್ಮ ಅಡುಗೆಮನೆಗೆ ಬರುವ ದಾರಿ ಬೇರೆ ಇದೆ, ಅದು ನಾವು ಅತ್ಯಂತ ಶುದ್ಧ ಎಂದುಕೊಂಡಿರುವ ದಾರಿ: ಬದುವಿನ ಸೊಪ್ಪು.

ಕೋಲಾರದ ಕಡೆಯ ಬೆರಕೆ ಸೊಪ್ಪು, ಮಲೆನಾಡಿನ ಒಂದೆಲಗ, ಬದುವಿನಲ್ಲಿ ತಾನಾಗಿ ಹುಟ್ಟುವ ಅಣ್ಣೆ ಸೊಪ್ಪು. ಯಾರೂ ಬಿತ್ತಿಲ್ಲ, ಯಾರೂ ಔಷಧಿ ಹೊಡೆದಿಲ್ಲ ಎಂಬ ನಂಬಿಕೆಯಲ್ಲಿ ಕೊಯ್ದು ತಂದು ಮಸ್ಸೊಪ್ಪು ಮಾಡುತ್ತೇವೆ, ತಂಬುಳಿಗೆ ಹಸಿಯಾಗಿಯೇ ಅರೆಯುತ್ತೇವೆ. ಆದರೆ ಬದುವೇ ಈಗ ಕಳೆನಾಶಕ ಬೀಳುವ ಜಾಗ. ಗ್ಲೈಫೋಸೇಟ್ ಎಲೆಯಿಂದ ಬೇರಿಗೆ ಇಳಿದು ನಿಧಾನವಾಗಿ ಕೊಲ್ಲುವಂಥದ್ದು. ಹೊಡೆದ ಮೇಲೆ ಐದಾರು ದಿನ, ಮೋಡ ಇದ್ದರೆ ಇನ್ನೂ ಹೆಚ್ಚು, ಗಿಡ ಹಸಿರಾಗಿಯೇ ನಿಂತಿರುತ್ತದೆ. ಒಳಗೆ ಸೇರಿದ್ದು ತೊಳೆದರೆ ಹೋಗುವುದಿಲ್ಲ.

ಕೊಯ್ಯುವ ಮೊದಲು ಹತ್ತಿರ ಬಗ್ಗಿ ಕುಡಿ ನೋಡಿ. ಗ್ಲೈಫೋಸೇಟ್ ಬಿದ್ದ ಗಿಡದಲ್ಲಿ ಮೊದಲು ಮಂಕಾಗುವುದು ತುದಿಯ ಎಳೆ ಚಿಗುರು: ಕೆಳಗಿನ ಎಲೆ ಕಡುಹಸಿರು, ತುದಿ ಮಾತ್ರ ತಿಳಿಹಳದಿ. 2,4-ಡಿ ಎಂಬ ಕಳೆನಾಶಕ ಬಿದ್ದಿದ್ದರೆ ಒಂದೆರಡು ದಿನದಲ್ಲೇ ಕಾಂಡ ಸುರುಳಿಯಂತೆ ತಿರುಚಿಕೊಂಡು ಎಲೆ ಬಟ್ಟಲಿನಂತೆ ಮಗುಚಿರುತ್ತದೆ. ಪ್ಯಾರಾಕ್ವಾಟ್ ಬಿದ್ದದ್ದು ಮರುದಿನವೇ ಸುಟ್ಟ ಚುಕ್ಕೆಯಿಂದ ತಿಳಿಯುತ್ತದೆ. ಆದರೆ ನಿನ್ನೆ ಗ್ಲೈಫೋಸೇಟ್ ಹೊಡೆದ ಗಿಡ ನೋಡಿದರೆ ಏನೂ ತಿಳಿಯುವುದಿಲ್ಲ. ಹಾಗಾಗಿ ಹೊಡೆಯುವವರು ನಾಲ್ಕು ಮೂಲೆಗೆ ಕೆಂಪು ಬಟ್ಟೆ ಕಟ್ಟುವುದು ಒಳ್ಳೆಯದು. ಸೊಪ್ಪು ಕೊಯ್ಯುವವರಿಗೂ, ದನಕ್ಕೆ ಹುಲ್ಲು ಕೊಯ್ಯುವವರಿಗೂ ಗೊತ್ತಾಗುತ್ತದೆ. ಪೇಟೆಯಲ್ಲಿ ಬೆರಕೆ ಸೊಪ್ಪು ಕೊಳ್ಳುವವರು "ಎಲ್ಲಿ ಕೊಯ್ದಿದ್ದು ಅಮ್ಮ?" ಎಂದು ಕೇಳಿ. ಒಂದೆಲಗವನ್ನು ಮನೆಯ ಕುಂಡದಲ್ಲೇ ಬೆಳೆಸಬಹುದು. ಅರ್ಧ ಬಿಸಿಲು, ಸದಾ ತೇವ ಇದ್ದರೆ ಒಂದು ಬಳ್ಳಿ ತುಂಡಿನಿಂದ ಕುಂಡ ತುಂಬುತ್ತದೆ.

ಇನ್ನೊಂದು ದಾರಿ ಹೊರದೇಶದ ಬೇಳೆ. ಕೆನಡಾದಂಥ ಕಡೆ ಕೊಯ್ಲಿಗೆ ಮೊದಲು ಮಸೂರದ ಹೊಲ ಒಟ್ಟಿಗೆ ಒಣಗಲಿ ಎಂದು ಗ್ಲೈಫೋಸೇಟ್ ಹೊಡೆಯುವ ಪದ್ಧತಿ ಇದೆ. 2018ರಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಆಮದು ಬೇಳೆಯಲ್ಲಿ ಇದನ್ನು ಪರೀಕ್ಷಿಸಲು ಸೂಚಿಸಿತ್ತು. ಇದು ನೀರಿನಲ್ಲಿ ಕರಗುವಂಥದ್ದು. ಬೇಳೆ ತೊಳೆದು, ನೆನೆಸಿ, ಆ ನೀರು ಚೆಲ್ಲಿದರೆ ಮೇಲಿನದು ಸ್ವಲ್ಪ ಹೋದೀತು, ಕಾಳಿನೊಳಗಿನದು ಉಳಿಯುತ್ತದೆ. ಊರಿನ ತೊಗರಿ, ಹುರುಳಿ, ಅಲಸಂದೆ ಸಿಗುವಾಗ ಅದನ್ನೇ ಕೊಳ್ಳುವುದು ನನಗೆ ಸರಿ ಕಾಣುತ್ತದೆ.

ತರಕಾರಿ ತೊಳೆಯುವುದು

ಮೊದಲು ಹರಿಯುವ ನೀರಿನಲ್ಲಿ ಅರ್ಧದಿಂದ ಒಂದು ನಿಮಿಷ ಕೈಯಲ್ಲಿ ಉಜ್ಜಿ. ಬಹುಪಾಲು ಕೆಲಸ ಆಗುವುದು ಈ ಉಜ್ಜುವಿಕೆಯಲ್ಲೇ. ಆಮೇಲೆ ಒಂದು ಲೀಟರ್ ನೀರಿಗೆ 10 ಗ್ರಾಂ, ಅಂದರೆ ಸುಮಾರು ಎರಡು ಟೀ ಚಮಚ ಅಡುಗೆ ಸೋಡ ಕರಗಿಸಿ 12ರಿಂದ 15 ನಿಮಿಷ ಮುಳುಗಿಸಿಡಿ, ಮತ್ತೆ ಶುದ್ಧ ನೀರಿನಲ್ಲಿ ಜಾಲಿಸಿ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಸೇಬಿನ ಮೇಲೆ ಇದೇ ಅಳತೆಯಲ್ಲಿ ಪರೀಕ್ಷಿಸಿ, ಎರಡು ಔಷಧಿಗಳು ಮೇಲ್ಮೈಯಿಂದ ಹೋದದ್ದನ್ನು ತೋರಿಸಿದರು. ಅದೇ ಪರೀಕ್ಷೆಯಲ್ಲಿ ಸಿಪ್ಪೆಯೊಳಗೆ ಇಳಿದದ್ದು ಹೋಗಲಿಲ್ಲ ಎಂಬುದನ್ನೂ ಮರೆಯಬಾರದು. ಸೋಡ ಚಿಟಿಕೆಯಷ್ಟೇ ಹಾಕಿ ಎರಡು ನಿಮಿಷ ಬಿಟ್ಟರೆ ಏನೂ ಆಗುವುದಿಲ್ಲ, ಎಲ್ಲರೂ ತಪ್ಪುವುದು ಇಲ್ಲಿ.

ಅರಿಶಿನ ನೀರು, ಉಪ್ಪು ನೀರು ಹೂಕೋಸಿನ ಹುಳ ಬಿಡಿಸಲು ಸರಿ, ಔಷಧಿಗೆ ಅದನ್ನೇ ನಂಬಬೇಡಿ. ಪಾತ್ರೆ ತೊಳೆಯುವ ಸೋಪು ಬೇಡ, ಸೊಪ್ಪು ಹೂಕೋಸು ಅದನ್ನು ಹೀರಿಕೊಳ್ಳುತ್ತವೆ. ಸೊಪ್ಪನ್ನು ಬೇರು ಕತ್ತರಿಸಿ, ದಂಟು ಬಿಡಿಸಿ, ಅಗಲ ಪಾತ್ರೆಯಲ್ಲಿ ಮೂರು ನೀರು ಬದಲಾಯಿಸಿ. ನೀರನ್ನು ಬಗ್ಗಿಸಿ ಚೆಲ್ಲುವುದಲ್ಲ, ಸೊಪ್ಪನ್ನೇ ಮೇಲಕ್ಕೆತ್ತಬೇಕು. ಇಲ್ಲದಿದ್ದರೆ ತಳಕ್ಕಿಳಿದ ಕೊಳೆ ಮತ್ತೆ ಎಲೆಯ ಮೇಲೇ ಕೂರುತ್ತದೆ. ದ್ರಾಕ್ಷಿ ಗೊಂಚಲಾಗಿ ತೊಳೆದರೆ ತೊಟ್ಟಿನ ಸಂದು ಹಾಗೇ ಉಳಿಯುತ್ತದೆ, ಬಿಡಿಬಿಡಿ ಮಾಡಿ. ಎಲೆಕೋಸಿನ ಹೊರಗಿನ ಎರಡು ಮೂರು ಎಲೆ ಕಸಕ್ಕೆ.

ಒಂದೇ ಒಂದು ಗಿಡ ಬೆಳೆಸಲು ಜಾಗವಿದ್ದರೆ ಕರಿಬೇವು ಬೆಳೆಸಿ. ಭಾರತದ ಕರಿಬೇವಿನಲ್ಲಿ ಔಷಧಿ ಉಳಿಕೆ ಹೆಚ್ಚೆಂದು ಯುರೋಪಿನವರು ಅದನ್ನು ವಿಶೇಷ ತಪಾಸಣೆಯ ಪಟ್ಟಿಗೆ ಹಾಕಿದ್ದಾರೆ. ದಿನಾ ಒಗ್ಗರಣೆಗೆ ಬೀಳುವುದು ಅದೇ.

ನೀರು

ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಅಷ್ಟೇ. ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತವೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಕಡೆ ಬೋರ್‌ವೆಲ್ ನೀರು ಕುಡಿಯುವವರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಫಿಲ್ಟರ್ ಮಾರಲು ಬರುವವರು ಟಿಡಿಎಸ್ ಮೀಟರ್ ಅದ್ದಿ ತೋರಿಸುವುದು ಬರೀ ನಾಟಕ. ಅದು ಕರಗಿದ ಲವಣದ ಒಟ್ಟು ಲೆಕ್ಕ ಹೇಳುತ್ತದೆ, ಔಷಧಿಯನ್ನೂ ಫ್ಲೋರೈಡನ್ನೂ ಗುರುತಿಸುವುದಿಲ್ಲ. ಜೋಳ, ಕಬ್ಬಿಗೆ ಹೊಡೆಯುವ ಅಟ್ರಜಿನ್‌ನಂಥ ಕಳೆನಾಶಕಗಳನ್ನು ಕಾರ್ಬನ್ ಫಿಲ್ಟರ್ ಹಿಡಿಯುತ್ತದೆ, ಆದರೆ ಕಾರ್ಬನ್ ತುಂಬಿದ ಮೇಲೆ ಹಿಡಿಯುವುದು ನಿಲ್ಲುತ್ತದೆ, ನೀರಿನ ರುಚಿಯಲ್ಲಿ ಏನೂ ಗೊತ್ತಾಗದು. ಹಾಕಿದ ತಾರೀಖನ್ನು ಡಬ್ಬಿಯ ಮೇಲೆಯೇ ಬರೆದಿಟ್ಟು, ಕಂಪನಿ ಹೇಳಿದ ಅವಧಿಗೆ ಬದಲಾಯಿಸಿ. ಗ್ಲೈಫೋಸೇಟ್ ಮತ್ತು ಫ್ಲೋರೈಡಿಗೆ ಕಾರ್ಬನ್ ಸಾಲದು, ಆರ್‌ಒ ಬೇಕು.

ಅರಿಶಿನ ಮತ್ತು ಹೊಗೆ

ಅರಿಶಿನದ ಬಗ್ಗೆ ಒಂದು ಮಾತು. ಬಣ್ಣ ಬರಲೆಂದು ಸೀಸದ ಕ್ರೋಮೇಟ್ ಹಚ್ಚುವ ಮೋಸ ಬಾಂಗ್ಲಾದೇಶದಲ್ಲಿ ಎಷ್ಟಿತ್ತೆಂದರೆ, 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ಶೇ 47ರಲ್ಲಿ ಸೀಸ ಸಿಕ್ಕಿತ್ತು. ಬಿಗಿ ಕ್ರಮದ ನಂತರ 2021ರಲ್ಲಿ ಸೊನ್ನೆಗೆ ಇಳಿಯಿತು. ಅಲ್ಲಿ ಬಣ್ಣ ಹಚ್ಚುತ್ತಿದ್ದದ್ದು ಪುಡಿಗಲ್ಲ, ಅರಿಶಿನದ ಕೊನೆಗಳಿಗೇ, ಅಂದರೆ ಒಣ ಕೊಂಬುಗಳಿಗೇ. ಹಾಗಾಗಿ "ಕೊನೆ ತಂದು ಪುಡಿ ಮಾಡಿಸಿದರೆ ಶುದ್ಧ" ಎಂಬುದು ಅರ್ಧ ಸತ್ಯ. ಒಣ ಕೊನೆಯನ್ನು ಬಿಳಿ ಬಟ್ಟೆಯಲ್ಲಿ ಉಜ್ಜಿದಾಗ ಹಳದಿ ಪುಡಿ ಧಾರಾಳವಾಗಿ ಬಂದರೆ, ಪಾಲಿಶ್ ವಿಪರೀತ ಹೊಳೆಯುತ್ತಿದ್ದರೆ ಕೊಳ್ಳಬೇಡಿ. ಮಂಕು ಬಣ್ಣದ, ಪಾಲಿಶ್ ಮಾಡದ ಕೊನೆಯೇ ಒಳ್ಳೆಯದು.

ಸೊಳ್ಳೆಬತ್ತಿಯ ಕತೆ ಇನ್ನೂ ಜೋರು. ಚೀನಾ, ಮಲೇಷ್ಯಾದ ಬತ್ತಿಗಳನ್ನು ಉರಿಸಿ ಅಳೆದ 2003ರ ಅಧ್ಯಯನದಲ್ಲಿ, ಒಂದು ಬತ್ತಿ ಬಿಟ್ಟ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟು ಸುಟ್ಟಷ್ಟು ಇದ್ದವು. ಕಿಟಕಿ ಮುಚ್ಚಿ, ಮಗುವಿನ ಮಂಚದ ಕೆಳಗೆ ಇಡುವುದು ಇದನ್ನೇ. ಸಂಜೆ ಐದಕ್ಕೇ ಕಿಟಕಿಯ ಜಾಲರಿ ಹಾಕಿ, ರಾತ್ರಿ ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ಡೆಂಗಿ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ಮಲಗುವ ಮಗುವಿಗೆ ಹಗಲಲ್ಲೂ ಪರದೆ ಬೇಕು. 'ಸೊಳ್ಳೆ ಓಡಿಸುವ ಅಗರಬತ್ತಿ' ಎಂದು ಸಿಗುವ ಪೊಟ್ಟಣದ ಮೇಲೆ ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಒಳಗೆ ಯಾವ ಔಷಧಿ, ಎಷ್ಟು ಎಂದು ಯಾರೂ ನೋಡಿಲ್ಲವೆಂದೇ ಅರ್ಥ.

ಕೊನೆಗೆ ಹಂಡೆ ಒಲೆ. ಮಳೆಗಾಲದಲ್ಲಿ ಸೌದೆ ಹಸಿ, ಬೆಂಕಿ ಹತ್ತುವುದಿಲ್ಲ, ಒಂದು ಹಾಲಿನ ಕವರು ತುರುಕಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಹಾಲಿನ ಕವರಿಗಿಂತ ಕೆಟ್ಟದ್ದು ಪಿವಿಸಿ: ಪೈಪಿನ ತುಂಡು, ವೈರಿನ ಸಿಪ್ಪೆ, ರೆಕ್ಸಿನ್, ಹಳೆ ಫ್ಲೆಕ್ಸು. ಇವುಗಳಲ್ಲಿ ಕ್ಲೋರಿನ್ ಇರುವುದರಿಂದ ಒಲೆಯ ಸಣ್ಣ ಉರಿಯಲ್ಲಿ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹೊಗೆ ಬಚ್ಚಲಿನಲ್ಲಿ ಸ್ನಾನ ಮಾಡುವವರ ಮೂಗಿಗೆ, ಬೂದಿ ಪಾತ್ರೆ ಉಜ್ಜಲಿಕ್ಕೆ ಮತ್ತು ಹಿತ್ತಲಿನ ಬಸಳೆ ಬುಡಕ್ಕೆ. ಡಯಾಕ್ಸಿನ್ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅಲ್ಲಿ ಕೆದಕಿ ತಿನ್ನುವ ಕೋಳಿಯ ಮೊಟ್ಟೆಗೂ ಬರುತ್ತದೆ. ಬೇಸಿಗೆಯಲ್ಲೇ ಒಂದು ಗೋಣಿಚೀಲ ತೆಂಗಿನ ನಾರು, ಒಣ ಅಡಿಕೆ ಸಿಪ್ಪೆ, ಕರಟ ಕಟ್ಟಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿಡಿ, ಜುಲೈವರೆಗೂ ಬೆಚ್ಚಗೆ ಒಣಗಿಯೇ ಇರುತ್ತದೆ. ಪ್ಲಾಸ್ಟಿಕ್ ಬಿದ್ದ ಒಲೆಯ ಬೂದಿಯನ್ನು ಪಾತ್ರೆಗೂ ಬಸಳೆಗೂ ಬಳಸಬೇಡಿ, ಒಲೆ ಒಮ್ಮೆ ಪೂರ್ತಿ ಬಳಿದು ಆ ಬೂದಿಯನ್ನು ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಹಾಕಿ, ಹೊಸ ಬೂದಿಯಿಂದ ಮತ್ತೆ ಶುರು ಮಾಡಿ.